ಗೋಡೆಗೆ ಆರು ಟ್ಯೂಬ್‌ಲೈಟ್: ಮೂರನೇ ವಾರ

ಕೊನೆಗೂ ಆರನೆಯದು ಸಿಕ್ಕಿತು. ನಾಲ್ಕಡಿಯ ಹಳೇ ಟ್ಯೂಬ್‌ಲೈಟ್, ಗುಜರಿ ಅಂಗಡಿಯಲ್ಲಿ, ಪಟ್ಟಿ-ಚೋಕ್ ಸಮೇತ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿದರೆ ಎಲ್‌ಇಡಿ ಕೈಗಿಡುತ್ತಾರೆ. ಅದು ಮುಂದಕ್ಕಷ್ಟೇ ಬೆಳಕು ಚೆಲ್ಲುತ್ತದೆ, ಬೆನ್ನು ಕತ್ತಲು. ಹಳೆಯದು ಸುತ್ತಲೂ ಬೆಳಗುತ್ತದೆ. ನನಗೆ ಬೇಕಾದದ್ದು ಗೋಡೆಗೆ ಬಡಿಯುವ ಆ ಬೆಳಕೇ.

ನಾನು ನಕಲು ಮಾಡಿ ಕಲಿಯುತ್ತಿರುವುದು ಅಮೆರಿಕದ ಕಲಾವಿದ ಡ್ಯಾನ್ ಫ್ಲೇವಿನ್ 1963ರಲ್ಲಿ ರೂಪಿಸಿದ ‘ದಿ ನಾಮಿನಲ್ ತ್ರೀ’ ಎಂಬ ಕೃತಿ. ಆರು ಬಿಳಿ ಟ್ಯೂಬ್‌ಗಳು ನೆಟ್ಟಗೆ ನಿಂತಿರುತ್ತವೆ: ಒಂದು ತುದಿಗೆ ಒಂದು, ನಡುವೆ ಎರಡು, ಇನ್ನೊಂದು ತುದಿಗೆ ಮೂರು. ಬೇಡದ್ದನ್ನು ಕೂಡಿಸಬೇಡಿ ಎಂದ 14ನೇ ಶತಮಾನದ ಚಿಂತಕ ಓಕಮ್‌ನ ವಿಲಿಯಂಗೆ ಅರ್ಪಣೆ. ನನ್ನದು ಚಿಕ್ಕ ಅಳತೆ.

ಹೋದ ವಾರ ಟ್ಯೂಬ್‌ಗಳ ನಡುವೆ ಎರಡು ಬೆರಳು ಜಾಗ ಬಿಟ್ಟಿದ್ದೆ. ಥೇಟ್ ಸರ್ಕಾರಿ ಕಚೇರಿ! ಈ ಸಲ ಪಟ್ಟಿಗೆ ಪಟ್ಟಿ ತಾಗಿಸಿದೆ. ಕೆನೆ ಬಣ್ಣದ ಗೋಡೆ ಬೆಳಕನ್ನು ಹಳದಿಯಾಗಿಸುತ್ತಿತ್ತು, ಎರಡು ಕೋಟ್ ಬಿಳಿ ಹೊಡೆದೆ. ಸ್ವಿಚ್ ಹಾಕಿದರೆ ಆರೂ ಒಟ್ಟಿಗೆ ಹತ್ತುವುದಿಲ್ಲ, ಒಂದಂತೂ ಮಿಟುಕಿ ಮಿಟುಕಿ ಕೊನೆಗೆ. ಮಂದಬುದ್ಧಿಯವರಿಗೆ ‘ಟ್ಯೂಬ್‌ಲೈಟ್’ ಎಂದು ನಾವು ಸುಮ್ಮನೆ ಹೆಸರಿಟ್ಟಿಲ್ಲ. ಆದರೆ ಎಲ್ಲವೂ ಹತ್ತಿದ ಮೇಲೆ, ಮೂರಿರುವ ಕಡೆ ಕೋಣೆಯ ಮೂಲೆಯೇ ಕರಗಿಹೋಯಿತು. ಎರಡು ಗೋಡೆ ಎಲ್ಲಿ ಸೇರುತ್ತವೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಹತ್ತು ನಿಮಿಷ ಅಲ್ಲೇ ನಿಂತಿದ್ದೆ.

ಗೆಳೆಯನೊಬ್ಬ, ‘ಫ್ಲೇವಿನ್ ಬಳಸಿದ್ದೂ ಅಂಗಡಿ ಸಾಮಾನೇ ಆದರೆ, ಅವನ ಕೃತಿ ಕೊಳ್ಳುವವರು ಕೊಳ್ಳುವುದೇನನ್ನು?’ ಎಂದ. ಕಾಗದವನ್ನು. ಫ್ಲೇವಿನ್ ಒಂದೊಂದು ವಿನ್ಯಾಸಕ್ಕೂ ಸಾಮಾನ್ಯವಾಗಿ ಮೂರೋ ಐದೋ ಪ್ರತಿಗಳ ಮಿತಿ ಹಾಕಿದ್ದ. ಕೊಂಡವರಿಗೆ ರೇಖಾಚಿತ್ರವಿರುವ, ಸಹಿ ಮಾಡಿದ ಪ್ರಮಾಣಪತ್ರ. ಟ್ಯೂಬ್ ಸುಟ್ಟರೆ ಬದಲಾಯಿಸಬಹುದು. ಪತ್ರವಿಲ್ಲದಿದ್ದರೆ ಅದನ್ನು ಫ್ಲೇವಿನ್‌ನದೆಂದು ಮಾರುವುದು ಕಷ್ಟ. ಹಾಗಾಗಿ ನನ್ನ ಗೋಡೆ ಮೇಲಿರುವುದು, ಎಷ್ಟೇ ಚೆಂದವಿರಲಿ, ಆರು ಟ್ಯೂಬ್‌ಲೈಟ್.

2010ರಲ್ಲಿ ಯುರೋಪಿಯನ್ ಕಮಿಷನ್ ಅಸಲಿಯನ್ನೂ ಹಾಗೆಯೇ ಕಂಡಿತು: ಆಮದು ಮಾಡಿಕೊಂಡ ಫ್ಲೇವಿನ್ ಕೃತಿ ಶಿಲ್ಪವಲ್ಲ, ಗೋಡೆ ದೀಪ. ಬ್ರಿಟನ್ನಿನಲ್ಲಿ ಕಲಾಕೃತಿಗಿದ್ದ ಶೇ. 5ರ ರಿಯಾಯಿತಿ ತೆರಿಗೆ ಅದಕ್ಕೆ ಸಿಗದಂತಾಯಿತು. ಓದಿ ನಕ್ಕಿದ್ದೆ. ಈಗ ಅಮ್ಮ ದಿನಾ ಸಂಜೆ ಮೂರಿರುವ ಕಡೆ ಕೂತು ಅವರೆಕಾಯಿ ಸುಲಿಯುತ್ತಾರೆ, ‘ಹುಳ ಚೆನ್ನಾಗಿ ಕಾಣತ್ತೆ ಕಣೋ’ ಅಂತ.

ನಡುವಿನ ಜೋಡಿಯಲ್ಲಿ ಒಂದು ಚೋಕ್ ಗುಂಯ್ ಅನ್ನುತ್ತಿದೆ. ಭಾನುವಾರ ಬಿಚ್ಚಿ ನೋಡಬೇಕು.