ಸೀಟಿನ ಲೆಕ್ಕ, ಮೀಟರಿನ ಲೆಕ್ಕ

1999ರಲ್ಲಿ ಶುರುವಾದ ಸಾಫ್ಟ್‌ವೇರ್ ಕಂಪನಿ ಸೇಲ್ಸ್‌ಫೋರ್ಸ್‌ನ ಘೋಷಣೆಯೇ ‘ನೋ ಸಾಫ್ಟ್‌ವೇರ್’ ಅಂತ ಇತ್ತು. ಸಿಡಿ ಬೇಡ, ಸ್ವಂತ ಸರ್ವರ್ ಬೇಡ. ಬ್ರೌಸರ್ ತೆರೆಯಿರಿ, ತಲೆಗಿಷ್ಟು ಅಂತ ಬಾಡಿಗೆ ಕೊಡಿ. ಒಬ್ಬರ ಲಾಗಿನ್‌ಗೆ ಒಂದು ‘ಸೀಟು’ ಅಂತ ಲೆಕ್ಕ. ಆಮೇಲೆ ಹೆಚ್ಚುಕಮ್ಮಿ ಎಲ್ಲರೂ ಅದೇ ದಾರಿ ಹಿಡಿದರು.

ಈಗ ಆ ತಲೆ ಲೆಕ್ಕಕ್ಕೇ ಕುತ್ತು ಬಂದಿದೆ. ಹತ್ತು ಜನರ ಕೆಲಸವನ್ನು, ತಾನಾಗೇ ಕೆಲಸ ಮಾಡೋ ಎಐ ಏಜೆಂಟ್ ಇಟ್ಟುಕೊಂಡು ಮೂವರೇ ಮುಗಿಸಿದರೆ, ಉಳಿದ ಏಳು ಲಾಗಿನ್‌ಗೆ ದುಡ್ಡು ಕೊಡೋರು ಯಾರು? ಅದಕ್ಕೇ ಇರಬೇಕು, 2024ರಲ್ಲಿ ಏಜೆಂಟ್‌ಫೋರ್ಸ್ ಅನ್ನೋ ಎಐ ಏಜೆಂಟ್ ಸೇವೆ ತಂದಾಗ ಅದೇ ಸೇಲ್ಸ್‌ಫೋರ್ಸ್ ಒಂದು ಮಾತುಕತೆಗೆ 2 ಡಾಲರ್ ಅಂತ ದರ ಇಟ್ಟಿತು.

ಇವತ್ತು ನಮಗೂ ಒಂದು ರಿನ್ಯೂವಲ್ ಕೊಟೇಶನ್ ಬಂತು, ಬೇರೆ ಕಂಪನಿಯದು. ಸೀಟಿನ ಸಾಲು ಹಾಗೇ ಇದೆ, ಕೆಲಸ ಬಿಟ್ಟುಹೋದವರ ಲಾಗಿನ್‌ಗಳೂ ಸೇರಿ. ಅದರ ಕೆಳಗೆ ‘ಎಐ ಕ್ರೆಡಿಟ್ಸ್’ ಅಂತ ಹೊಸ ಸಾಲು, ಅಂದರೆ ಎಐ ಬಳಸಿದಷ್ಟಕ್ಕೆ ದುಡ್ಡು. ಹಳೇ ಬಾಡಿಗೆಯೂ ಬೇಕು, ಹೊಸ ಮೀಟರೂ ಬೇಕು. ಜಾಣರಪ್ಪ!

ಸೀಟಿನ ಲೆಕ್ಕದಲ್ಲಿ ಬಜೆಟ್ ಮಾಡೋದಾದರೂ ಸುಲಭವಿತ್ತು, ಅಲ್ವಾ? ಏಜೆಂಟ್ ಎಷ್ಟು ಕ್ರೆಡಿಟ್ ನುಂಗುತ್ತೆ ಅಂತ ವರ್ಷದ ಶುರುವಲ್ಲೇ ಫೈನಾನ್ಸ್‌ನವರಿಗೆ ಏನಂತ ಹೇಳೋದು? ತಿಂಗಳಿಗೆ ಇಷ್ಟೇ ಅಂತ ಒಪ್ಪಂದದಲ್ಲೇ ಮಿತಿ ಹಾಕಿ ಅಂತ ಮೇಲ್ ಕಳಿಸಿದ್ದೇನೆ. ಸೇಲ್ಸ್‌ನವರು ‘ಒಂದು ಕಾಲ್ ಮಾಡೋಣ ಸರ್’ ಅಂದಿದ್ದಾರೆ.