ಮೇಡಂ ಕೋಣೆ ಖಾಲಿ ಮಾಡುವಾಗ ಕಲಿತದ್ದು

ವಿಶ್ವವಿದ್ಯಾಲಯವೊಂದರ ಭೂವಿಜ್ಞಾನ ವಿಭಾಗದಲ್ಲಿ ನಾನು ಸೆಕ್ಷನ್ ಕಟ್ಟರ್. ಅಧ್ಯಾಪಕರು ಬೆಟ್ಟಗುಡ್ಡ ಸುತ್ತಿ ಹೊತ್ತು ತಂದ ಕಲ್ಲನ್ನು ಬೆಳಕು ತೂರಿ ಬರುವಷ್ಟು ತೆಳ್ಳಗೆ ಮಾಡಿಕೊಡುವುದು ನನ್ನ ಕೆಲಸ. ವಜ್ರದ ಹರಳು ಕೂರಿಸಿದ ಗರಗಸದಲ್ಲಿ ಚಿಕ್ಕ ಚೂರು ಕೊಯ್ದು, ಗಾಜಿನ ಹಲಗೆಯ ಮೇಲೆ ಕಾರ್ಬೊರಂಡಮ್ ಪುಡಿ, ನೀರು ಹಾಕಿ ಒಂದು ಮುಖ ಉಜ್ಜಬೇಕು. ಮೊದಲು ದಪ್ಪ ಪುಡಿ, ಆಮೇಲೆ ನಯ, ಆಮೇಲೆ ಇನ್ನೂ ನಯ. ಪುಡಿ ಬದಲಿಸುವಾಗ ಕಲ್ಲು, ಕೈ, ಉಗುರಿನ ಸಂದಿ ಎಲ್ಲ ತೊಳೆಯಬೇಕು. ದಪ್ಪ ಪುಡಿಯ ಒಂದು ಕಾಳು ಉಳಿದರೂ ಗೀರು ಬೀಳುತ್ತದೆ. ನಯವಾದ ಮುಖವನ್ನು ಸ್ಲೈಡಿಗೆ ಅಂಟಿಸಿ, ಇನ್ನೊಂದು ಬದಿಯನ್ನು 0.03 ಮಿಲಿಮೀಟರ್‌ಗೆ ಇಳಿಯುವ ತನಕ ಉಜ್ಜುತ್ತಾ ಹೋಗಬೇಕು. ಇಷ್ಟು ತೆಳುವಿಗೆ ನಾವು ಅಳತೆಪಟ್ಟಿ ಹಿಡಿಯುವುದಿಲ್ಲ. ಪೋಲರೈಸಿಂಗ್ ಮೈಕ್ರೋಸ್ಕೋಪಿನಲ್ಲಿಟ್ಟು ಕ್ವಾರ್ಟ್ಸ್ ಹರಳಿನ ಬಣ್ಣ ನೋಡುತ್ತೇವೆ. ಹಳದಿ ಕಂಡರೆ ಇನ್ನೂ ದಪ್ಪ ಇದೆ ಅಂತ. ಬೂದು-ಬಿಳಿಗೆ ಬಂತೋ, ಕೈ ನಿಲ್ಲಿಸಬೇಕು. ಆಸೆಗೆ ಬಿದ್ದು ಇನ್ನೂ ನಾಲ್ಕು ಸುತ್ತು ಉಜ್ಜಿದರೆ ಕಲ್ಲು ಹೋಗಿ ಬರೀ ಗಾಜು ಉಳಿಯುತ್ತದೆ.

ಈ ಕೆಲಸದಲ್ಲಿರುವವನಿಗೆ ಪ್ರೊಫೆಸರುಗಳ ಎರಡೂ ಬದುಕು ಕಾಣುತ್ತದೆ. ಸೋಮವಾರ ಬೆಳಗ್ಗೆ ಕೆಂಪು ಮಣ್ಣು ಮೆತ್ತಿದ ಚೀಲ ತಂದು ನನ್ನ ಮೇಜಿನ ಮೇಲೆ ಕುಕ್ಕುವವರೂ ಅವರೇ, ಒಂದೆರಡು ವರ್ಷ ಬಿಟ್ಟು ನಾನು ಉಜ್ಜಿದ ಸ್ಲೈಡಿನ ಫೋಟೋ ಇರುವ ಪೇಪರು ತೋರಿಸುವವರೂ ಅವರೇ. ಆದರೆ ಈ ಎರಡು ಬದುಕು ಒಂದೇ ಕೋಣೆಯಲ್ಲಿ ಸಂಸಾರ ಮಾಡಿದರೆ ಹೇಗಿರುತ್ತದೆ ಅಂತ ನನಗೆ ಸರಿಯಾಗಿ ಅರ್ಥವಾದದ್ದು ನಮ್ಮ ಮೇಡಂ ನಿವೃತ್ತಿಯ ಹೊತ್ತಿಗೆ.

ಮೇಡಂ ಕೋಣೆಯ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಹಿಂದೆ ಟೊಪೊಶೀಟ್ (ಬೆಟ್ಟ, ಹಳ್ಳ, ದಾರಿ ತೋರಿಸುವ ನಕ್ಷೆ) ಸುರುಳಿಗಳ ಕಟ್ಟು ನಿಂತಿರುತ್ತಿತ್ತು. ಬಂದವರಿಗೆಂದು ಇದ್ದ ಎರಡು ಕುರ್ಚಿಯಲ್ಲಿ ಒಂದರ ಮೇಲೆ ಮಾರಡಿಹಳ್ಳಿಯ ಪಿಲ್ಲೋ ಲಾವಾ ಚೂರುಗಳು ಕೂತಿದ್ದವು. ಚಿತ್ರದುರ್ಗದ ಹತ್ತಿರ, ಸಮುದ್ರದ ತಳದಲ್ಲಿ ಉಕ್ಕಿ ದಿಂಬು ದಿಂಬಾಗಿ ಹೆಪ್ಪುಗಟ್ಟಿದ ಕಲ್ಲು ಅದು. ಸಮುದ್ರ ಹೋಗಿ ಎಷ್ಟು ಕೋಟಿ ವರ್ಷವಾಯಿತೋ, ಕುರ್ಚಿ ಮಾತ್ರ ಬಿಡುಗಡೆಯಾಗಲಿಲ್ಲ. ಮೇಜಿನ ಮೇಲೆ ಮೌಲ್ಯಮಾಪನದ ಕಟ್ಟು, ಅದು ಹಾರದಂತೆ ಗಾರ್ನೆಟ್ ಹರಳು ತುಂಬಿದ ಒಂದು ಷಿಸ್ಟ್ ಕಲ್ಲು. ಕಪಾಟಿನ ಮೇಲಿನ ಖಾನೆಯಲ್ಲಿ ಜರ್ನಲ್‌ಗಳು, ಬೈಂಡ್ ಮಾಡಿದ ಪಿಎಚ್‌ಡಿ ಪ್ರಬಂಧಗಳು. ಕೆಳಗಿನ ಡ್ರಾಯರಿನಲ್ಲಿ ಬ್ರಂಟನ್ ಕಂಪಾಸು, ಶೂ ಲೇಸಿಗೆ ಕಟ್ಟಿದ ಹ್ಯಾಂಡ್ ಲೆನ್ಸ್, ಓಆರ್‌ಎಸ್ ಪೊಟ್ಟಣ, ಮಲೆನಾಡಿನ ಇಂಬಳಕ್ಕೆ ಅಂತ ಉಪ್ಪಿನ ಗಂಟು, ಪೀಪಿ, ಒಂಟಿ ಬೂಟು. ಇನ್ನೊಂದು ಕಾಲಿನ ಬೂಟು ಎಲ್ಲಿ ಹೋಯಿತು ಅಂತ ಕೇಳುವ ಧೈರ್ಯ ವಿಭಾಗದಲ್ಲಿ ಯಾರಿಗೂ ಇರಲಿಲ್ಲ.

ಹುಡುಗರಿಗೆ ಆ ಕೋಣೆಯೆಂದರೆ ಸಿನಿಮಾ ಸೆಟ್ಟು. ಟೋಪಿ ಹಾಕಿ, ಕೈಯಲ್ಲಿ ಸುತ್ತಿಗೆ ಹಿಡಿದು, ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳ ಮೇಲೆ ಮೇಡಂ ನಿಂತ ಫೋಟೋ ಒಂದು ಗೋಡೆಯಲ್ಲಿತ್ತು. ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುವವರೂ ಇದ್ದರು. ನಾನೂ ಕೆಲವು ಸಲ ಫೀಲ್ಡಿಗೆ ಹೋಗಿದ್ದೇನೆ, ಸಾಮಾನು ಹೊರಲು. ಸಾಹಸದ ಪಾಲು ಅಲ್ಲಿ ಕಡಿಮೆ, ವಿವರಣೆ ಕೊಡುವ ಪಾಲೇ ಹೆಚ್ಚು. ಸುತ್ತಿಗೆ ಸದ್ದು ಕೇಳಿದ ಕೂಡಲೇ ಊರಿನವರು ಬರುತ್ತಾರೆ. ಕ್ವಾರಿಯವರಿಗೆ ನಾವು ಗಣಿ ಇಲಾಖೆಯವರೋ ಅಂತ ಅನುಮಾನ, ಕುರಿ ಕಾಯುವವರಿಗೆ ನಿಧಿ ಹುಡುಕುವವರೋ ಅಂತ. ಎರಡೂ ಅಲ್ಲ, ಕಲ್ಲಿನ ವಿಷಯ ಓದಿದವರು ಅಂತ ಗೊತ್ತಾದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ: "ಹಂಗಾದ್ರೆ ನಮ್ ಹೊಲ್ದಾಗೆ ಒಂದು ಬೋರ್ ಪಾಯಿಂಟ್ ತೋರ್ಸಿ ಮೇಡಂ." ಮೇಡಂ ತೋರಿಸುತ್ತಿದ್ದರು ಕೂಡ. ಬಿರುಕು ಬಿಟ್ಟ ಬಂಡೆ ಯಾವ ಕಡೆ ಇಳಿದಿದೆ, ಡೈಕ್ (ಬಂಡೆಯ ಬಿರುಕಿಗೆ ನುಗ್ಗಿ ಗೋಡೆಯಂತೆ ನಿಂತ ಕಲ್ಲು) ಎಲ್ಲಿ ಅಡ್ಡ ಬಂದಿದೆ ಅಂತ ನೋಡಿ, ನೀರು ಸಿಗುವ ಅಂದಾಜು ಹೇಳುತ್ತಿದ್ದರು. ಹೀಗಾಗಿ ಆ ಕೋಣೆಗೆ ಆಗಾಗ ತೆಂಗಿನಕಾಯಿ, ಅವರೆಕಾಯಿ ಬರುತ್ತಿದ್ದವು.

ನಿಜವಾದ ಕಷ್ಟದ ಗಳಿಗೆ ಬರುತ್ತಿದ್ದದ್ದು ರಾತ್ರಿ. ಇಡೀ ದಿನ ಬಿಸಿಲಲ್ಲಿ ಅಲೆದು ಲಾಡ್ಜಿಗೆ ಬಂದ ಮೇಲೆ, ಉಳಿದವರು ಊಟಕ್ಕೆ ಓಡಿದರೆ ಮೇಡಂ ಮಂಚದ ಮೇಲೆ ಕೂತು ನೋಟ್‌ಬುಕ್ಕಿನ ಪೆನ್ಸಿಲ್ ಬರಹದ ಮೇಲೆ ಇಂಕು ತಿದ್ದುತ್ತಿದ್ದರು. ಸ್ಟ್ರೈಕು, ಡಿಪ್ಪು (ಕಲ್ಲಿನ ಪದರ ಚಾಚಿದ ದಿಕ್ಕು, ಅದು ಓರೆಯಾದ ಕೋನ), ಮಾದರಿ ನಂಬರು, ಯಾವ ಮೋರಿ ದಾಟಿ ಎಷ್ಟು ಹೆಜ್ಜೆ. "ನಾಳೆ ಬರೀತೀನಿ ಅಂದ್ರೆ ಎರಡು ಬೆಟ್ಟ ಒಂದೇ ಬೆಟ್ಟ ಆಗ್ಬಿಡುತ್ತಪ್ಪ" ಅನ್ನುತ್ತಿದ್ದರು.

ನಿವೃತ್ತಿಗೆ ನೋ ಡ್ಯೂ ಸರ್ಟಿಫಿಕೇಟ್ ಬೇಕಲ್ಲ, ಸೂಪರಿಂಟೆಂಡೆಂಟ್ ಸಾಹೇಬರು ಡೆಡ್ ಸ್ಟಾಕ್ ರಿಜಿಸ್ಟರ್ ಹಿಡಿದು ಬಂದರು. ಮೇಜು, ಗೋದ್ರೇಜ್ ಬೀರು, ಮೈಕ್ರೋಸ್ಕೋಪು, ಕಂಪಾಸು, ಸುತ್ತಿಗೆ, ಎಲ್ಲಕ್ಕೂ ನಂಬರ್ ಇತ್ತು, ಎಲ್ಲಕ್ಕೂ ಟಿಕ್ ಬಿತ್ತು. ಕಲ್ಲುಗಳು ರಿಜಿಸ್ಟರಿನಲ್ಲಿ ಇಲ್ಲ. ಇಲ್ಲ ಅಂದ ಮೇಲೆ ಕಚೇರಿಯ ಲೆಕ್ಕದಲ್ಲಿ ಆ ಕೋಣೆಯ ಮುಕ್ಕಾಲು ಭಾಗ ಖಾಲಿ. ಹೊಸದಾಗಿ ಬರುವ ಅಸಿಸ್ಟೆಂಟ್ ಪ್ರೊಫೆಸರಿಗೆ ಜಾಗ ಬೇಕಿತ್ತು. ಪುಸ್ತಕ ಎಲ್ಲ ಲೈಬ್ರರಿಗೆ, ಸ್ಲೈಡ್ ಎಲ್ಲ ಲ್ಯಾಬಿಗೆ, ನಕ್ಷೆ ಎಲ್ಲ ಮ್ಯಾಪ್ ರೂಮಿಗೆ, ಕಲ್ಲು ಹಿಂದಿನ ಶೆಡ್ಡಿಗೆ ಅಂತ ನನಗೆ ಹೇಳಿ ಹೋದರು. ಕೇಳಲು ಬಹಳ ಅಚ್ಚುಕಟ್ಟಾದ ಮಾತು.

ಮೇಡಂ ಕೇಳಿಸಿಕೊಂಡು ಸುಮ್ಮನೆ ಸ್ಟೂಲಿನ ಮೇಲೆ ಕೂತರು. "ಬೀರು ಮೇಲಿಂದ ಒಂದು ಗುಡ್ಡೆ ಇಳಿಸು, ಹಂಗೇ ಇಳಿಸು, ಬಿಚ್ಚಬೇಡ" ಅಂದರು. ಇಳಿಸಿದೆ. ಬಟ್ಟೆ ಚೀಲದಲ್ಲಿ ಕಲ್ಲು, ಅದಕ್ಕೆ ಒರಗಿಸಿದ ಹಾಗೆ ಮಡಚಿದ ಟೊಪೊಶೀಟು, ಸಿಹಿತಿಂಡಿ ಡಬ್ಬಿಯಲ್ಲಿ ಸ್ಲೈಡುಗಳು (ನಾನೇ ಉಜ್ಜಿದ್ದು), ಫೀಲ್ಡ್ ನೋಟ್‌ಬುಕ್ಕು, ಅದರ ಒಳಗೆ ಟಿಎ (ಪ್ರಯಾಣ ಭತ್ಯೆ) ಬಿಲ್ಲಿನ ಜೆರಾಕ್ಸ್. ಎರಡನೇ ಗುಡ್ಡೆಯೂ ಹಾಗೇ. ಮೂರನೆಯದರಲ್ಲಿ ಡಬ್ಬಿಯ ಬದಲು ಚಪ್ಪಲಿ ಪೆಟ್ಟಿಗೆ, ಅಷ್ಟೇ ವ್ಯತ್ಯಾಸ. ಹೊರಗಿನವರ ಕಣ್ಣಿಗೆ ಕಸದ ರಾಶಿ ಅನ್ನಿಸಿದ್ದು ಒಂದೊಂದು ಪ್ರವಾಸದ ಒಂದೊಂದು ಕಟ್ಟು. ಜಾತಿ ಪ್ರಕಾರ ಬೇರ್ಪಡಿಸಿದ್ದರೆ ಕೋಣೆ ಒಂದು ಮಧ್ಯಾಹ್ನದಲ್ಲಿ ಚೆಂದವಾಗುತ್ತಿತ್ತು, ಆದರೆ ಯಾವ ಸ್ಲೈಡು ಯಾವ ಬೆಟ್ಟದ್ದು ಅಂತ ಮತ್ತೆ ಯಾರೂ ಹೇಳಲಾಗುತ್ತಿರಲಿಲ್ಲ. ಟಿಎ ಬಿಲ್ಲು ಯಾಕೆ ಅಂತ ಕೇಳಿದೆ. ಮಳೆಯಲ್ಲಿ ನೋಟ್‌ಬುಕ್ ನೆನೆದು ತಾರೀಖು ಅಳಿಸಿಹೋದಾಗ, ಯಾವ ದಿನ ಯಾವ ಊರಿಂದ ಯಾವ ಊರಿಗೆ ಬಸ್ಸು ಹತ್ತಿದ್ದರು ಅಂತ ಹೇಳುವುದು ಆ ಬಿಲ್ಲೇ ಅಂತೆ.

ಇದರ ಬೆಲೆ ಏನು ಅಂತ ಗೊತ್ತಾಗಬೇಕಾದರೆ ಅವರ ಟೆಲಿಫೋನ್ ಕೆಳಗಿದ್ದ ಕಲ್ಲಿನ ಕಥೆ ಹೇಳಬೇಕು. ಕನಕಪುರದ ಆಚೆ ಕಬ್ಬಾಳದುರ್ಗ ಅಂತ ಇದೆ. ಅಲ್ಲಿನ ಕ್ವಾರಿಯಲ್ಲಿ ನೈಸ್ (gneiss) ಎಂಬ ಬೂದು ಬಣ್ಣದ ಪಟ್ಟೆಗಲ್ಲಿನೊಳಗೆ ಕಪ್ಪು-ಹಸಿರು ಮಚ್ಚೆಗಳು ಕಾಣುತ್ತವೆ. ಆ ಮಚ್ಚೆಯೇ ಚಾರ್ನೊಕೈಟ್. ಒಂದು ಕಲ್ಲು ಇನ್ನೊಂದಾಗುತ್ತಿದ್ದಾಗಲೇ ಅರ್ಧಕ್ಕೆ ನಿಂತುಬಿಟ್ಟಿದೆ. 1960ರಲ್ಲಿ ಭೂವಿಜ್ಞಾನಿ ಪಿಚ್ಚಮುತ್ತು ಅವರು ಇದನ್ನು ಬರೆದ ಮೇಲೆ ಜಗತ್ತಿನ ಭೂವಿಜ್ಞಾನಿಗಳೆಲ್ಲ ಕಬ್ಬಾಳದ ಕಡೆ ತಿರುಗಿ ನೋಡಿದರು. ಭೂಮಿಯ ಆಳದಲ್ಲಿ, ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದ ದ್ರವ ಹಾದ ಜಾಡಿನಲ್ಲೆಲ್ಲ ನೈಸ್ ತನ್ನ ನೀರಿನಂಶ ಕಳೆದುಕೊಂಡು ಹೀಗಾಯಿತು ಎಂದು ಹಲವರು ವಿವರಿಸುತ್ತಾರೆ. ಅದೇ ಸೀಮೆಯ ಇನ್ನೊಂದು ಸಣ್ಣ ಕ್ವಾರಿಯಿಂದ ಮೇಡಂ ತಂದ ಅಂಗೈಯಗಲದ ತುಂಡೊಂದರಲ್ಲಿ ಬೂದು ಮತ್ತು ಕಪ್ಪು ಎರಡೂ ಇದ್ದವು, ನಡುವೆ ಗಡಿ. ಬಹಳ ವರ್ಷ ಅದು ಫೋನಿನ ಕೆಳಗೆ ಕೂತಿತ್ತು.

ಒಮ್ಮೆ ಅವರ ಪೇಪರಿಗೆ ವಿಮರ್ಶಕರಿಂದ ಪ್ರಶ್ನೆ ಬಂತು: ಗಡಿಯನ್ನು ದಾಟುವ ಹಾಗೆ ಕೊಯ್ದ ಸೆಕ್ಷನ್ ಇದೆಯೇ? ಆ ಕ್ವಾರಿಯ ಆ ಮುಖ ಅಷ್ಟರಲ್ಲಿ ಲಾರಿ ಹತ್ತಿ ಹೋಗಿಯಾಗಿತ್ತು. ಯಾರ ಮನೆಯ ಮೆಟ್ಟಿಲಾಯಿತೋ. ಜಗತ್ತಿನಲ್ಲಿ ಉಳಿದಿದ್ದ ಮಾದರಿ ಅದೊಂದೇ. ಮೇಡಂ ಮಾರ್ಕರಿನಲ್ಲಿ ಗೆರೆ ಎಳೆದು ಕೊಟ್ಟರು, ನಾನು ಆ ಗೆರೆಯ ಮೇಲೇ ಗರಗಸ ಇಳಿಸಿದೆ. ಅವತ್ತು ನನ್ನ ಕೈ ಸ್ವಲ್ಪ ನಡುಗಿದ್ದು ಹೌದು. ಸ್ಲೈಡಿನ ಒಂದು ತುದಿಯಲ್ಲಿ ನೀರಿನಂಶವಿರುವ ಬಯೊಟೈಟ್ ಅಭ್ರಕದ ಕಂದು ಎಲೆಗಳು, ಇನ್ನೊಂದು ತುದಿಯಲ್ಲಿ ಅದರ ಜಾಗ ಹಿಡಿದ, ನೀರಿನಂಶವಿಲ್ಲದ ಪೈರಾಕ್ಸೀನ್ ಖನಿಜ. ಉತ್ತರ ಅಷ್ಟರಲ್ಲೇ ಇತ್ತು. ಫೋನ್ ಕೆಳಗಿನ ಕಲ್ಲು ಬೇಕಾಯಿತು ಅನ್ನುವುದು ದೊಡ್ಡದಲ್ಲ. ಅದರ ಮೇಲೆ ಬಿಳಿ ಪೇಂಟಿನ ಬೊಟ್ಟು, ಬೊಟ್ಟಿನ ಮೇಲೆ ಕಪ್ಪು ಇಂಕಿನ ನಂಬರು, ಅದೇ ನಂಬರು ನೋಟ್‌ಬುಕ್ಕಿನಲ್ಲಿ ಇತ್ತು. ಇಲ್ಲದಿದ್ದರೆ ಅದು ಪೇಪರ್‌ವೇಟೇ.

ರಾಬರ್ಟ್ ಬ್ರೂಸ್ ಫೂಟ್ ಹೆಸರನ್ನು ಮೇಡಂ ಆಗಾಗ ಎತ್ತುತ್ತಿದ್ದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದು, ನಿವೃತ್ತಿಯ ಮೇಲೆ ಮೈಸೂರು ಸಂಸ್ಥಾನಕ್ಕೂ ದುಡಿದವರು. 1863ರಲ್ಲಿ ಮದರಾಸಿನ ಪಕ್ಕದ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೈಗೊಡಲಿ ಗುರುತಿಸಿದರು. (ಚಾರ್ನೊಕೈಟ್‌ಗೂ ಅದೇ ಪಲ್ಲಾವರಂ ಕಡೆಯೇ ತವರು, ನೋಡಿ.) ಸಂಬಳ ಬಂಡೆ ನೋಡುವುದಕ್ಕೆ, ಆದರೆ ಹೋದಲ್ಲೆಲ್ಲ ಕಲ್ಲಿನ ಆಯುಧ, ಮಡಕೆ ಚೂರು ಆಯುತ್ತಾ ಹೋದರು, ಬಳ್ಳಾರಿ ಸೀಮೆಯಲ್ಲಂತೂ ಬಹಳ. 1904ರಲ್ಲಿ ಆ ಸಂಗ್ರಹ ಮದರಾಸ್ ಮ್ಯೂಸಿಯಂ ಸೇರಿತು, 1912ರಲ್ಲಿ ಅವರು ತೀರಿಕೊಂಡ ನಂತರ ಅದರ ಕ್ಯಾಟಲಾಗ್ ಅಚ್ಚಾಯಿತು. ಸಿಕ್ಕ ಜಾಗ ಬರೆದಿಟ್ಟಿದ್ದರಿಂದಲೇ ಇಂದಿಗೂ ಸಂಶೋಧಕರು ಆ ಪಟ್ಟಿ ಹಿಡಿದು ಆ ಊರುಗಳಿಗೆ ಹೋಗುತ್ತಾರೆ.

ಶೆಡ್ಡಿನ ಮಾತನ್ನು ಸೂಪರಿಂಟೆಂಡೆಂಟ್ ಸಾಹೇಬರ ಬಳಿ ಮತ್ತೆ ಎತ್ತಿದೆ. ವಿಜ್ಞಾನ, ಪರಂಪರೆ ಅಂತೆಲ್ಲ ನಾನು ಶುರು ಮಾಡುವ ಮೊದಲೇ ಅವರು ಕನ್ನಡಕ ತೆಗೆದು, "ಬಿಸಾಡಬಾರದು ಅಂತಿದ್ರೆ ರಿಜಿಸ್ಟರಿಗೆ ಏರಿಸ್ರಿ. ಏರಿಸಿದ್ ಮೇಲೆ ಕಂಡಮ್ ಮಾಡೋಕೆ ಕಮಿಟಿ ಬೇಕು, ಕಮಿಟಿ ಸೇರೋದು ಯಾವಾಗ?" ಅಂದರು. ಇಷ್ಟು ವರ್ಷ ಕಚೇರಿಯ ನಿಧಾನವನ್ನು ಬೈದುಕೊಂಡೇ ಬಂದವನು ನಾನು. ಆ ನಿಧಾನವನ್ನೇ ಬೇಲಿಯಾಗಿ ಹಾಕಿಕೊಳ್ಳಬಹುದು ಅಂತ ಹೊಳೆದಿರಲಿಲ್ಲ. ಪ್ರತಿ ಪ್ರವಾಸದ ಕಟ್ಟಿಗೆ ಒಂದು ಸಾಲು, 'ಬೋಧನಾ ಮಾದರಿಗಳು' ಎಂಬ ತಲೆಬರಹದ ಕೆಳಗೆ. ಒಳಗಿನ ಕಲ್ಲುಗಳ ವಿವರಪಟ್ಟಿ ಲಗತ್ತು. ಕೆಳಗೆ ವಿಭಾಗದ ಮುಖ್ಯಸ್ಥರ ಸಹಿ.

ಆಮೇಲೆ ದಿನಾ ಮಧ್ಯಾಹ್ನ ಊಟದ ನಂತರ ಮೇಡಂ ಬಂದು ಕೂರುತ್ತಿದ್ದರು. ನಾನು ಕಟ್ಟು ಬಿಚ್ಚುವುದು, ಅವರು ಹೇಳುವುದು, ಒಬ್ಬ ರಿಸರ್ಚ್ ವಿದ್ಯಾರ್ಥಿನಿ ಬರೆದುಕೊಳ್ಳುವುದು. ಚೀಲದೊಳಗೆ ಹಾಕಿದ್ದ ಚೀಟಿಗಳನ್ನು ಎಷ್ಟೋ ಕಡೆ ಬೆಳ್ಳಿಮೀನು ಹುಳ ತಿಂದಿತ್ತು. ಕಲ್ಲಿನ ಮೈಮೇಲೆ ಬರೆದದ್ದು ಉಳಿದಿತ್ತು. ಸ್ಲೈಡಿನ ಸ್ಟಿಕ್ಕರು ಉದುರಿದ್ದರೂ ವಜ್ರದ ಮೊನೆಯಲ್ಲಿ ಗಾಜಿಗೇ ಗೀಚಿದ ನಂಬರು ಹಾಗೇ ಇತ್ತು. ಈಗ ಯಾರೇ ಕಲ್ಲು ತಂದರೂ ಕಲ್ಲು, ಚೀಲ, ನೋಟ್‌ಬುಕ್ಕು ಮೂರರಲ್ಲೂ ಒಂದೇ ನಂಬರ್ ಕಾಣುವ ತನಕ ನಾನು ಗರಗಸದ ಸ್ವಿಚ್ ಹಾಕುವುದಿಲ್ಲ. ಹೊಸ ಮೇಷ್ಟ್ರು ಮೊದಲು ಗೊಣಗಿದರು, ಈಗ ಅವರ ಹುಡುಗರಿಗೆ ಅವರೇ ಹೇಳುತ್ತಾರೆ.

ಎಲ್ಲ ಮುಗಿದ ಮೇಲೂ ಎರಡು ರಟ್ಟಿನ ಪೆಟ್ಟಿಗೆ ಉಳಿದವು. ನಂಬರು ಸವೆದಿದ್ದ ಕಲ್ಲುಗಳು. ಮೇಡಂ ಒಂದೊಂದನ್ನೂ ಕೈಯಲ್ಲಿ ಹಿಡಿದು ಲೆನ್ಸಿನಲ್ಲಿ ನೋಡಿದರು. ಯಾವ ಕಲ್ಲು ಅಂತ ಹೇಳಿದರು, ಯಾವ ಊರಿನದು ಅಂತ ಹೇಳಲಿಲ್ಲ. ಅಂದಾಜಿನ ಮೇಲೆ ಬರೆದುಬಿಡೋಣವೇ ಅಂದದ್ದಕ್ಕೆ ತಲೆಯಾಡಿಸಿ ಬೇಡ ಅಂದರು. ಅವು ರಿಜಿಸ್ಟರಿಗೆ ಏರಲಿಲ್ಲ. ಮೊದಲ ಸೆಮಿಸ್ಟರ್ ಹುಡುಗರಿಗೆ ಗರಗಸ ಹಿಡಿಯುವುದು ಕಲಿಸಲು ಆ ಪೆಟ್ಟಿಗೆಯಿಂದಲೇ ತೆಗೆದು ಕೊಡುತ್ತೇನೆ. ಅಡ್ಡಾದಿಡ್ಡಿ ಕೊಯ್ದರೂ ಯಾರ ಪೇಪರೂ ನಿಲ್ಲುವುದಿಲ್ಲ.