ಹಳೇ ಕಣಿವೆ ನಕ್ಷೆ ಸಿಕ್ಕರೆ ಮೊದಲು ಅಂಚು ಓದಿ

ಹಳೇ ಕಾಗದದ ನಕ್ಷೆಗಳನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಸರಿಯಾದ ಅಕ್ಷಾಂಶ ರೇಖಾಂಶಕ್ಕೆ ಕೂರಿಸುವುದು ನನ್ನ ಕೆಲಸ. ಜಿಯೋರೆಫರೆನ್ಸಿಂಗ್ ಅಂತೀವಿ. ನನಗೆ ಜಾಸ್ತಿ ಇಷ್ಟವಾದವು ಅಮೆರಿಕದ ಯೂಟಾ ರಾಜ್ಯದ ಮರುಭೂಮಿ ಕಣಿವೆಗಳ ಹಾಳೆಗಳು. 1950ರ ದಶಕದಲ್ಲಿ ಯುಎಸ್‌ಜಿಎಸ್ (ಅಮೆರಿಕ ಸರ್ಕಾರದ ಭೂಗರ್ಭ ಸರ್ವೇಕ್ಷಣಾ ಸಂಸ್ಥೆ) ಮಾಡಿದ 1:62,500 ಅಳತೆಯವು.

ತಂಡಕ್ಕೆ ಹೊಸದಾಗಿ ಬಂದವರು ಹಾಳೆ ತೆರೆದ ಕೂಡಲೇ ನಡುಭಾಗ ನೋಡುತ್ತಾರೆ. ನೋಡದೆ ಇರೋಕಾಗಲ್ಲ ಬಿಡಿ. ಬಯಲಲ್ಲಿ ದೂರ ದೂರ ಇರುವ ಕಂದು ಕಂಟೂರ್ ಗೆರೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು, ಕಣಿವೆ ಬಂದಾಗ ಒತ್ತೊತ್ತಾಗಿ, ದಪ್ಪ ಪಟ್ಟಿಯೇ ಆಗಿಬಿಡುತ್ತವೆ. ಅಲ್ಲಿ ನೆಟ್ಟಗೆ ನಿಂತ ಬಂಡೆಗೋಡೆ ಇದೆ ಅಂತ ಅರ್ಥ. ತಳದಲ್ಲಿ ತುಂಡು ತುಂಡಾದ ನೀಲಿ ಗೆರೆ ಇದ್ದರೆ ಅದು ಹೊಳೆಯಲ್ಲ, ಮಳೆ ಬಂದಾಗ ಮಾತ್ರ ಹರಿಯುವ ಹಳ್ಳ.

ಆದರೂ ಎಲ್ಲರಿಗೂ ನಾನು ಹೇಳುವುದು ಒಂದೇ. ಮೊದಲು ಅಂಚಿನ ಸಣ್ಣ ಅಕ್ಷರ ಓದಿ.

ಅಲ್ಲಿ ವಿಮಾನದಿಂದ ಫೋಟೋ ತೆಗೆದ ವರ್ಷ ಇರುತ್ತದೆ, ಸ್ಥಳಕ್ಕೆ ಹೋಗಿ ತಾಳೆ ನೋಡಿದ ವರ್ಷವೂ ಇರುತ್ತದೆ. ಅಚ್ಚಾದ ವರ್ಷ ಬೇರೆಯೇ ಇರಬಹುದು. ಆ ದಶಕದಲ್ಲಿ ಯುರೇನಿಯಂ ಹುಡುಕುವವರು ಅಲ್ಲೆಲ್ಲ ಹೊಸ ಜೀಪ್ ದಾರಿ ಕಡಿಯುತ್ತಿದ್ದರು. ಹಾಗಾಗಿ ಯಾವ ದಾರಿ ಯಾವಾಗಿನದು ಅಂತ ಹೇಳಬೇಕಾದರೆ ಫೋಟೋದ ವರ್ಷವೇ ಬೇಕು.

ಡೇಟಮ್, ಅಂದರೆ ಅಕ್ಷಾಂಶ ರೇಖಾಂಶ ಅಳೆಯಲು ಹಿಡಿದ ಆಧಾರ ಚೌಕಟ್ಟು, ಕೂಡ ಅಂಚಿನಲ್ಲೇ ಇರುತ್ತದೆ. ಈ ಹಾಳೆಗಳದ್ದು 1927ರ ಉತ್ತರ ಅಮೆರಿಕ ಡೇಟಮ್. ಅದರ ಯುಟಿಎಂ ಅಂಕಿಗಳನ್ನು (ಜಾಗವನ್ನು ಮೀಟರ್ ಲೆಕ್ಕದಲ್ಲಿ ಹೇಳುವ ಅಂಕಿಗಳು) ಸುಮ್ನೆ ಈಗಿನ ಜಿಪಿಎಸ್‌ಗೆ ಹಾಕಿದರೆ ಉತ್ತರ ದಕ್ಷಿಣಕ್ಕೆ ಸುಮಾರು 200 ಮೀಟರ್ ಸರಿಯುತ್ತದೆ. ಇಕ್ಕಟ್ಟಾದ ಕಣಿವೆಯಲ್ಲಿ ಅಷ್ಟು ಸಾಕು, ತಳದ ಒರತೆ ಬಂಡೆ ನೆತ್ತಿಯ ಮೇಲೆ ಹೋಗಿ ಕೂರುತ್ತದೆ. ಬಾಟಲಿ ಖಾಲಿಯಾದವನಿಗೆ ಅದು ಸಣ್ಣ ವಿಷಯವಲ್ಲ, ಅಲ್ವಾ?

ನಕ್ಷೆ ಕೂರಿಸುವಾಗ ದಾರಿ ಕೂಡುವ ಜಾಗ, ಹಳ್ಳ ಸೇರುವ ಜಾಗ ನಾನು ಆಧಾರವಾಗಿ ಹಿಡಿಯುವುದಿಲ್ಲ. ಅವು ಬದಲಾಗುತ್ತವೆ. 15 ನಿಮಿಷದ (ಇಲ್ಲಿ ನಿಮಿಷ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಹಾಳೆಯಲ್ಲಿ 5 ನಿಮಿಷಕ್ಕೊಂದು ಅಕ್ಷಾಂಶ ರೇಖಾಂಶದ ಗುರುತು ಇರುತ್ತದೆ, ಅಂಚು ಮೂಲೆ ಸೇರಿ ಒಟ್ಟು 16. ಹದಿನಾರನ್ನೂ ಹಿಡಿಯಬೇಕು. ಮಡಚಿ ಇಟ್ಟ ಕಾಗದ ಎಲ್ಲ ಕಡೆ ಒಂದೇ ಸಮ ಎಳೆದುಕೊಂಡಿರುವುದಿಲ್ಲ.

ಇಷ್ಟು ಜಾಗ್ರತೆ ಯಾಕೆ ಅಂದರೆ, ಅಲ್ಲಿನ ಗ್ಲೆನ್ ಕಣಿವೆ ಆಮೇಲೆ ಅಣೆಕಟ್ಟಿನ ನೀರಿನಡಿ ಮುಳುಗಿತು. 1963ರಲ್ಲಿ ತುಂಬಲು ಶುರುವಾದ ಆ ಜಲಾಶಯ, ಲೇಕ್ ಪೊವೆಲ್, ಪೂರ್ತಿ ತುಂಬಿದ್ದು 1980ರಲ್ಲಿ. 1963ರಿಂದ 2018ರೊಳಗೆ ಅದರ ನೀರು ಹಿಡಿಯುವ ಶಕ್ತಿ ಶೇ. 7ರಷ್ಟು ಕುಗ್ಗಿದೆ, ಹೂಳಿನಿಂದ. ಎಲ್ಲಿ ಎಷ್ಟು ಹೂಳು ಕೂತಿದೆ ಅಂತ ತಿಳಿಯಲು ಮುಳುಗುವ ಮುಂಚಿನ ನೆಲದ ಎತ್ತರ ಬೇಕು. ಅದು ಇರುವುದು ಆಗಿನ ಸರ್ವೆಗಳಲ್ಲಿ.

ಯುಎಸ್‌ಜಿಎಸ್ ತನ್ನ ಹಳೇ ಹಾಳೆಗಳನ್ನು ಅಂಚಿನ ಸಮೇತ ಸ್ಕ್ಯಾನ್ ಮಾಡಿ ಪುಕ್ಕಟೆ ಕೊಡುತ್ತದೆ. ಅಂಚು ಕತ್ತರಿಸಿದ ಪ್ರತಿ ಯಾರಾದರೂ ಕಳಿಸಿದರೆ, ಮೊದಲು ಪೂರ್ತಿ ಹಾಳೆ ಹುಡುಕಿ ಇಳಿಸಿಕೊಂಡೇ ನಾನು ಕೆಲಸಕ್ಕೆ ಕೂರುವುದು.